ಬಿಸುವಿನ ಸಂಜೆ ಕಡಲ ಬದಿಯಲ್ಲಿ: ಅವಸರವಿಲ್ಲದ ಹೊಸ ವರ್ಷಕ್ಕೊಂದು ಮಾರ್ಗದರ್ಶಿ

ಡಿಸೆಂಬರ್ 31ರ ರಾತ್ರಿ ಹೊಸ ವರ್ಷ ಆಚರಿಸಲೆಂದು ಪಣಂಬೂರಿಗೋ ಮಲ್ಪೆಗೋ ಹೊರಟವರಿಗೆ ಸಿಗುವುದು ಬಹುಮಟ್ಟಿಗೆ ವಾಹನಗಳ ಸಾಲು, ಧ್ವನಿವರ್ಧಕದ ಅಬ್ಬರ ಮತ್ತು ಕುಳಿತುಕೊಳ್ಳಲು ಜಾಗ ಹುಡುಕುವ ಕೆಲಸ. ಆಸ್ಟ್ರೇಲಿಯದಲ್ಲಿ ಜನವರಿ 1 ನಡುಬೇಸಗೆಯಲ್ಲಿ ಬರುವುದರಿಂದ ಅಲ್ಲಿನವರು ಬುತ್ತಿ ಕಟ್ಟಿಕೊಂಡು ಆ ದಿನವನ್ನು ಕಡಲತೀರದಲ್ಲಿ ಕಳೆಯುವುದು ಸಹಜ. ನಮ್ಮ ಕರಾವಳಿಗೂ ಬೇಸಗೆಯಲ್ಲೇ ಬರುವ ಹೊಸ ವರ್ಷವಿದೆ. ಸೂರ್ಯ ಮೇಷ ರಾಶಿಯನ್ನು ಪ್ರವೇಶಿಸುವ ಹೊತ್ತಿಗೆ, ತುಳು ತಿಂಗಳಾದ ಪಗ್ಗುವಿನ ಮೊದಲ ದಿನ ಬರುವ ಬಿಸು ಪರ್ಬ, ಅಂದರೆ ಸೌರಮಾನ ಯುಗಾದಿ, ಅದು. ಮಾವು, ಹಲಸು, ಗೇರು, ಪುನರ್ಪುಳಿ ಒಟ್ಟಿಗೆ ಕೈಗೆ ಸಿಗುವ, ಶಾಲೆಗಳಿಗೆ ರಜೆ ಇರುವ, ಕಡಲು ಮಳೆಗಾಲದ ಸಿಟ್ಟಿಗೆ ಇನ್ನೂ ಏರದಿರುವ ದಿನಗಳವು. ಮಂಗಳೂರು, ಉಡುಪಿ ಆಸುಪಾಸಿನವರು ಮನೆಯ ಕ್ರಮಕ್ಕೆ ಕುಂದು ಬಾರದಂತೆ, ಮೈ ದಣಿಯದಂತೆ ಬಿಸುವಿನ ದಿನ ಕಡಲ ಬದಿಗೆ ಹೋಗಿಬರುವುದು ಹೇಗೆ ಎಂಬುದು ಈ ಲೇಖನದ ವಿಷಯ. ಇಡೀ ದಿನ ಅಲ್ಲೇ ಇರಬೇಕೆಂಬ ಆಸೆಯನ್ನು ಮೊದಲೇ ಬಿಟ್ಟುಬಿಡಬೇಕು. ಬೆಳಗು ಮನೆಗೆ, ಮಧ್ಯಾಹ್ನ ನಿದ್ದೆಗೆ, ನಾಲ್ಕರ ನಂತರದ ಹೊತ್ತು ಮಾತ್ರ ಕಡಲಿಗೆ ಎಂದು ಗೊತ್ತುಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ದಿನವನ್ನು ಮೊದಲು ನೋಡಿಕೊಳ್ಳಿ

ಬಿಸು ಸಾಮಾನ್ಯವಾಗಿ ಏಪ್ರಿಲ್ 14ರಂದು ಅಥವಾ 15ರಂದು ಬರುತ್ತದೆ. ಸಂಕ್ರಮಣ ಎಷ್ಟು ಹೊತ್ತಿಗೆ ಎಂಬುದನ್ನು ಅವಲಂಬಿಸಿ ದಿನ ಬದಲಾಗುವುದರಿಂದ ಮನೆಯಲ್ಲಿ ಅನುಸರಿಸುವ ಪಂಚಾಂಗವನ್ನೇ ನೋಡುವುದು ಸರಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿಯ ಸರಕಾರಿ ರಜೆಯಾದ್ದರಿಂದ ಹಬ್ಬ ಅಂದೇ ಬಂದರೆ ಕಡಲ ಬದಿಯಲ್ಲಿ ಜನ ಹೆಚ್ಚು. 15ಕ್ಕೆ ಬಂದರೆ ಕಚೇರಿಯವರಿಗೆ ರಜೆಯ ಚಿಂತೆ, ಆದರೆ ತೀರ ಅಷ್ಟರಮಟ್ಟಿಗೆ ಖಾಲಿ. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ.

ಪಂಚಾಂಗ ತೆರೆದಾಗ ತಿಥಿಯನ್ನೂ ನೋಡಿಟ್ಟುಕೊಳ್ಳಬೇಕು. ಚಾಂದ್ರಮಾನ ಯುಗಾದಿ ಯಾವಾಗಲೂ ಅಮಾವಾಸ್ಯೆಯ ಬೆನ್ನಿಗೇ ಬರುವುದರಿಂದ ಆ ದಿನ ಭರತ-ಇಳಿತಗಳ ಅಂತರ ದೊಡ್ಡದೇ ಇರುತ್ತದೆ. ಬಿಸು ಸೂರ್ಯನ ಲೆಕ್ಕದ ಹಬ್ಬವಾದ್ದರಿಂದ ಚಂದ್ರ ಆ ದಿನ ಯಾವ ಕಲೆಯಲ್ಲಾದರೂ ಇರಬಹುದು. ಹುಣ್ಣಿಮೆ, ಅಮಾವಾಸ್ಯೆಗಳ ಆಚೀಚೆ ಬಂದರೆ ನೀರು ಹೆಚ್ಚು ಮೇಲೇರಿ ಹೆಚ್ಚು ಕೆಳಗಿಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಬಂದರೆ ಅಂತರ ಕಡಿಮೆ. ಭರತದಿಂದ ಇಳಿತಕ್ಕೆ ಸುಮಾರು ಆರೂಕಾಲು ಗಂಟೆ ಹಿಡಿಯುತ್ತದೆ ಮತ್ತು ಪ್ರತಿದಿನವೂ ಆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಹಿಂದಿನ ಸಂಜೆ ತೀರಕ್ಕೆ ಹೋದವರು ಯಾರಾದರೂ ಸಿಕ್ಕರೆ, ನೀರು ಆಗ ಏರುತ್ತಿತ್ತೇ ಇಳಿಯುತ್ತಿತ್ತೇ ಎಂದು ಕೇಳಿಕೊಂಡರೆ ಮರುದಿನದ ಅಂದಾಜು ಸಿಗುತ್ತದೆ. ಮೊಬೈಲಿನಲ್ಲಿಯೂ ಭರತದ ವೇಳಾಪಟ್ಟಿ ಸಿಗುತ್ತದೆ, ನಿಜ. ಆದರೆ ದೋಣಿಗೆ ಹೋಗುವವರ ಬಾಯಿಂದ ಬರುವ ಮಾಹಿತಿಯಲ್ಲಿ ಗಾಳಿಯ ಸಂಗತಿಯೂ ಸೇರಿರುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದೂರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ದಿನಗಳ ನಂತರ ನಮ್ಮ ತೀರಕ್ಕೆ ಬಂದು ಬಡಿಯುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆದರೂ ನೀರು ಇದ್ದಕ್ಕಿದ್ದಂತೆ ಮರಳದಿಣ್ಣೆಯವರೆಗೆ ನುಗ್ಗಬಹುದು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಇಂತಹ ಅಲೆಗಳ ಬಗ್ಗೆ ಮುನ್ನೆಚ್ಚರಿಕೆ ನೀಡುತ್ತದೆ ಮತ್ತು ಸ್ಥಳೀಯ ಪತ್ರಿಕೆಗಳು ಅದನ್ನು ಪ್ರಕಟಿಸುತ್ತವೆ. ಅಂತಹ ಎಚ್ಚರಿಕೆ ಇದ್ದ ದಿನ ಕಡಲ ಬದಿಯ ಯೋಚನೆಯನ್ನೇ ಕೈಬಿಟ್ಟು ಅಂಗಳದಲ್ಲಿ ಚಾಪೆ ಹಾಸುವುದು ಲೇಸು.

ಯಾವ ತೀರ, ಯಾರಿಗೆ

ಒಂದೇ ತೀರವನ್ನು ಆರಿಸಿಕೊಳ್ಳಿ. ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 55ರಿಂದ 60 ಕಿಲೋಮೀಟರ್ ಇದ್ದು, ದಾರಿಯುದ್ದಕ್ಕೂ ತೀರಗಳು ಸಿಗುವುದರಿಂದ ಮೂರ್ನಾಲ್ಕನ್ನು ನೋಡಿಬಿಡೋಣವೆಂಬ ಮನಸ್ಸಾಗುತ್ತದೆ. ಹಾಗೆ ಹೊರಟವರು ಹಬ್ಬದ ಸಂಜೆಯನ್ನು ಕಾರಿನೊಳಗೆ ಕಳೆದಿರುತ್ತಾರೆ.

ಮನೆಯಲ್ಲಿ ಅಜ್ಜ, ಅಜ್ಜಿ, ಚಿಕ್ಕ ಮಕ್ಕಳು ಇದ್ದರೆ ಪಡುಬಿದ್ರಿ ನನ್ನ ಮೊದಲ ಆಯ್ಕೆ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಪಡೆದ ಕರ್ನಾಟಕದ ಎರಡು ತೀರಗಳಲ್ಲಿ ಇದೊಂದು. ಇನ್ನೊಂದು ಹೊನ್ನಾವರದ ಕಾಸರಕೋಡು. ಪ್ರವೇಶಕ್ಕೆ ಶುಲ್ಕವಿದೆ, ಅದಕ್ಕೆ ತಕ್ಕಂತೆ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ, ಜೀವರಕ್ಷಕರು ಎಲ್ಲವೂ ಇವೆ. ಹಬ್ಬದ ಸೀರೆಯುಟ್ಟು ಬಂದ ಹಿರಿಯರಿಗೆ ಸ್ವಚ್ಛವಾದ ಶೌಚಾಲಯಕ್ಕಿಂತ ದೊಡ್ಡ ಸೌಕರ್ಯ ಬೇರೊಂದಿಲ್ಲ ಎಂಬುದನ್ನು ಕಾರ್ಯಕ್ರಮ ಗೊತ್ತುಮಾಡುವ ಗಂಡಸರು ಮರೆಯುವುದುಂಟು.

ಮಂಗಳೂರು ನಗರದವರಿಗೆ ತಣ್ಣೀರುಬಾವಿ ಹತ್ತಿರ ಮತ್ತು ಅಲ್ಲಿ ಮರಗಳ ನೆರಳಿದೆ. ಸುಲ್ತಾನ್ ಬತ್ತೇರಿಯ ಕಡವಿನಿಂದ ದೋಣಿಯಲ್ಲಿ ಹೊಳೆ ದಾಟಿ ಹೋಗುವುದು ಮಕ್ಕಳಿಗೆ ಕಡಲಿಗಿಂತಲೂ ಇಷ್ಟವಾಗಬಹುದು, ಆದರೆ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಪಣಂಬೂರಿನಲ್ಲಿ ಅಂಗಡಿ, ಆಟ, ಜನ ಎಲ್ಲವೂ ಇವೆ. ಗದ್ದಲ ಬೇಡದವರಿಗೆ ಅದಲ್ಲ. ಉಡುಪಿಯವರಿಗೆ ಮಲ್ಪೆ ಕೇವಲ ಆರು ಕಿಲೋಮೀಟರ್. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಆಸೆಯನ್ನು ಮಾತ್ರ ಬೇರೆ ದಿನಕ್ಕೆ ಇಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ದೋಣಿಗೆ ಕಾದು, ದ್ವೀಪದಲ್ಲಿ ಗಡಿಯಾರ ನೋಡುತ್ತ ತಿರುಗುವುದು ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ. ಕಾಪುವಿನಲ್ಲಿ 1901ರ ದೀಪಸ್ತಂಭವಿದೆ, ಬಂಡೆಗಳಿವೆ, ನೋಟಕ್ಕೆ ಅದೇ ಚೆಂದ. ಆದರೆ ಬಂಡೆಯ ಬುಡದ ನೀರಿಗೆ ಇಳಿಯುವಂತಿಲ್ಲ. ಸೋಮೇಶ್ವರದ ಕಲ್ಲುಗಳ ಮಾತೂ ಅಷ್ಟೇ. ಸಸಿಹಿತ್ಲು, ಕೋಡಿಬೆಂಗ್ರೆಗಳಂತಹ ಅಳಿವೆಗಳಲ್ಲಿ ಹೊಳೆ ಕಡಲು ಸೇರುವ ನೋಟ ಎಷ್ಟೇ ಸುಂದರವಾಗಿದ್ದರೂ, ಇಳಿತದ ಹೊತ್ತಿನಲ್ಲಿ ಹೊಳೆಯ ನೀರೆಲ್ಲ ಕಡಲಿನತ್ತ ರಭಸದಿಂದ ಹರಿಯುವುದರಿಂದ ಅಳಿವೆಯ ಬಾಯಲ್ಲಿ ಮೊಣಕಾಲುದ್ದ ನೀರೂ ನಂಬಿಕೆಗೆ ಅರ್ಹವಲ್ಲ.

ಬೆಳಗಿನ ಕಣಿ, ಮಧ್ಯಾಹ್ನದ ಊಟ

ಹಿಂದಿನ ರಾತ್ರಿಯೇ ದೇವರ ಮುಂದೆ ಕಣಿ ಇಟ್ಟಿರುತ್ತೀರಿ: ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಮಾವು, ಹಲಸು, ಗೇರು, ಸೌತೆ, ಕನ್ನಡಿ, ಚಿನ್ನ. ಬೆಳಗ್ಗೆ ಎದ್ದೊಡನೆ ಅದನ್ನು ನೋಡಿ, ಹಿರಿಯರ ಕಾಲಿಗೆ ನಮಸ್ಕರಿಸುವ ಕ್ರಮವನ್ನು ಕಡಲಿಗೆ ಹೋಗುವ ಗಡಿಬಿಡಿಯಲ್ಲಿ ಮೊಟಕುಗೊಳಿಸಬೇಡಿ. ಸಂಜೆ ಹೊರಡುವುದರ ದೊಡ್ಡ ಲಾಭವೇ ಇದು.

ಮಧ್ಯಾಹ್ನದ ಊಟದಲ್ಲಿ ತೊಂಡೆಕಾಯಿ-ಗೇರುಬೀಜದ ಪಲ್ಯ, ಹೆಸರುಬೇಳೆ ಪಾಯಸ ಮುಂತಾದವು ಇದ್ದೇ ಇರುತ್ತವೆ. ತೆಂಗಿನಹಾಲು, ಕಾಯಿತುರಿ ಬಿದ್ದ ಯಾವುದೂ ಏಪ್ರಿಲ್ ಸೆಕೆಯಲ್ಲಿ ಸಂಜೆಯವರೆಗೆ ಬಾಳುವುದಿಲ್ಲವಾದ್ದರಿಂದ ಉಳಿದ ಪಾಯಸವನ್ನು ಡಬ್ಬಿಗೆ ತುಂಬಿ ಒಯ್ಯುವ ಯೋಚನೆ ಬೇಡ. ಅದು ಮನೆಯಲ್ಲೇ ಖಾಲಿಯಾಗಲಿ. ಊಟದ ನಂತರ ಎರಡು ಗಂಟೆ ಮಲಗಿ. ಏಪ್ರಿಲ್ ನಡುವಿನಲ್ಲಿ ಮಂಗಳೂರಿನ ಸೂರ್ಯ ಮಧ್ಯಾಹ್ನ ಹನ್ನೆರಡೂವರೆಗೆ ಬಹುತೇಕ ನೆತ್ತಿಯ ಮೇಲೆಯೇ ಇರುತ್ತಾನೆ, ನೆರಳು ಕಾಲಡಿಗೇ ಬೀಳುತ್ತದೆ, ಒಣಮರಳಿಗೆ ಬರಿಗಾಲಿಟ್ಟರೆ ಸುಡುತ್ತದೆ. ಹನ್ನೊಂದರಿಂದ ಮೂರೂವರೆಯವರೆಗೆ ಕಡಲ ಬದಿಯಲ್ಲಿ ಸುಖವಿಲ್ಲ.

ಬುತ್ತಿಯಲ್ಲಿ ಏನಿರಬೇಕು

ಮರಳು ಮತ್ತು ಸೆಕೆ ಎರಡನ್ನೂ ತಡೆದುಕೊಳ್ಳುವ ತಿಂಡಿ ನಮ್ಮಲ್ಲಿ ಮೊದಲಿನಿಂದಲೇ ಇದೆ. ಮುಂಡಕದ ಓಲೆಯ ಕೊಳವೆಯಲ್ಲಿ ಬೇಯಿಸಿದ ಮೂಡೆ ಅಥವಾ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಗುಂಡ ಎಲೆಯೊಳಗೇ ಇರುವಷ್ಟು ಹೊತ್ತು ಅದಕ್ಕೆ ಮರಳು ತಾಗುವುದಿಲ್ಲ, ತಟ್ಟೆಯೂ ಬೇಡ. ಬೆಳಗ್ಗೆ ಬೇಯಿಸಿದ್ದನ್ನು ಪೂರ್ತಿ ಆರಿದ ಮೇಲೆಯೇ ಕಟ್ಟಿ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಹಳಸುತ್ತದೆ. ಜತೆಗೆ ಕಾಯಿಚಟ್ನಿಯ ಬದಲು ಮಿಡಿ ಉಪ್ಪಿನಕಾಯಿ ಅಥವಾ ಚಟ್ನಿಪುಡಿ ಸಾಕು. ಬನ್ಸ್ ಕೂಡ ಚೆನ್ನಾಗಿ ತಡೆಯುತ್ತದೆ. ನೀರ್‌ದೋಸೆ ಬೇಡ, ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಕಣಿಯಲ್ಲಿಟ್ಟ ಮಂಗಳೂರು ಸೌತೆ ಸಾಂಬಾರಿಗೆ ಸರಿ. ಕಡಲ ಬದಿಯಲ್ಲಿ ಕಚ್ಚಿ ತಿನ್ನಲು ಎಳೆಯ ಮುಳ್ಳುಸೌತೆ, ಹೆಚ್ಚಿದ ಮಾವಿನಕಾಯಿ, ಒಂದು ಚಿಟಿಕೆ ಉಪ್ಪು-ಖಾರ ಇರಲಿ. ಬಿಸಿಬಿಸಿ ಗೋಳಿಬಜೆ, ಚುರುಮುರಿ ಅಲ್ಲಿಯೇ ಸಿಗುವುದರಿಂದ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಉಳಿಸಿಕೊಳ್ಳುವುದು ಜಾಣತನ.

ಕುಡಿಯಲು ಪುನರ್ಪುಳಿ ಶರಬತ್ತಿಗೆ ಸಾಟಿಯಿಲ್ಲ. ಒಂದು ಲೀಟರ್ ಶರಬತ್ತಿಗೆ ಹತ್ತು ಹನ್ನೆರಡು ಒಣಸಿಪ್ಪೆಯನ್ನು ಬೆಳಗ್ಗೆಯೇ ಒಂದು ಲೋಟ ನೀರಿನಲ್ಲಿ ನೆನೆಹಾಕಿ, ನೀರು ಕಡುಗೆಂಪಾದ ಮೇಲೆ ಕಿವುಚಿ ಸೋಸಿ, ಬೆಲ್ಲವನ್ನೋ ಸಕ್ಕರೆಯನ್ನೋ ಕರಗಿಸಿ, ಹುರಿದ ಜೀರಿಗೆಯ ಪುಡಿ ಮತ್ತು ಉಪ್ಪು ಚಿಟಿಕೆ ಚಿಟಿಕೆ ಹಾಕಿ, ಹೊರಡುವಾಗ ತಣ್ಣೀರು ಬೆರೆಸಿ ಸ್ಟೀಲ್ ಫ್ಲಾಸ್ಕಿಗೆ ತುಂಬಿ. ಹುಳಿ ಇರುವುದರಿಂದ ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳು ಸಲ್ಲವು. ಇದರ ಮೇಲೆ ಒಬ್ಬೊಬ್ಬರಿಗೆ ಒಂದೂವರೆ ಲೀಟರಿನಂತೆ ಬರಿ ನೀರು ಇರಲೇಬೇಕು. ಬೆವರು ಸುರಿಯುವ ನಮ್ಮ ಹವೆಯಲ್ಲಿ ಬಾಯಾರಿಕೆ ಗೊತ್ತಾಗುವ ಹೊತ್ತಿಗೆ ತಲೆನೋವು ಶುರುವಾಗಿರುತ್ತದೆ. ದಾರಿಯಲ್ಲಿ ಬೊಂಡ ಸಿಕ್ಕರೆ ಕುಡಿಯಿರಿ. ಮದ್ಯ ಬೇಡ, ಸಾರ್ವಜನಿಕ ತೀರದಲ್ಲಿ ಅದು ನಿಷಿದ್ಧ, ನೀರಿಗಿಳಿಯುವವರಿಗಂತೂ ಮಾರಕ.

ಚಾಪೆ ಹಾಸುವ ಜಾಗ

ನಾಲ್ಕು ಗಂಟೆಗೆ ತಲುಪಿದವರು ಸಾಮಾನ್ಯವಾಗಿ ಗಾಳಿಮರದ ತೋಪಿನ ಮುಂದೆ, ಕಡಲಿಗೆ ಮುಖಮಾಡಿ ಚಾಪೆ ಹಾಸುತ್ತಾರೆ. ಐದು ನಿಮಿಷದಲ್ಲಿ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ನಮ್ಮ ಕಡಲು ಪಡುವಣಕ್ಕಿದೆ, ಸಂಜೆಯ ಸೂರ್ಯ ಕಡಲಿನ ಮೇಲೆಯೇ ಇರುತ್ತಾನೆ, ಆದ್ದರಿಂದ ಮರಗಳ ನೆರಳು ಬೀಳುವುದು ಹಿಂಬದಿಗೆ, ಊರಿನ ಕಡೆಗೆ. ಐದೂವರೆಯವರೆಗೆ ತೋಪಿನ ಮೂಡು ಬದಿಯಲ್ಲಿ ಕುಳಿತು, ಬಿಸಿಲು ಮೆತ್ತಗಾದ ಮೇಲೆ ಮರಳಿಗೆ ಬರುವುದು ಕ್ರಮ. ಕೊಡೆಯನ್ನೂ ನೆಟ್ಟಗೆ ನಿಲ್ಲಿಸದೆ ಪಡುವಣಕ್ಕೆ ವಾಲಿಸಬೇಕು. ತೆಂಗಿನಮರದ ಬುಡದಲ್ಲಿ ಮಾತ್ರ ಎಂದಿಗೂ ಕೂರಬಾರದು.

ಮರಳಿನಲ್ಲಿ ಕೂರುವಾಗ ನೆಲದ ಗುರುತನ್ನು ಓದಿ. ಒಣಗಿದ ಗಾಳಿಮರದ ಎಲೆ, ಚಿಪ್ಪಿನ ಚೂರು, ತೆಂಗಿನ ಸಿಪ್ಪೆ, ಬಲೆಯ ತುಂಡು ಇವೆಲ್ಲ ಸೇರಿ ತೀರದುದ್ದಕ್ಕೆ ಒಂದು ಅಂಕುಡೊಂಕು ಗೆರೆ ಬಿದ್ದಿರುತ್ತದೆ. ಹಿಂದಿನ ಭರತದಲ್ಲಿ ನೀರು ಅಲ್ಲಿಯವರೆಗೆ ಬಂದು ಹಿಂದಿರುಗಿದೆ ಎಂದು ಅದರರ್ಥ. ಕೆಲವೊಮ್ಮೆ ಅಂತಹ ಎರಡು ಗೆರೆಗಳಿರುತ್ತವೆ. ಮೇಲಿನದನ್ನೇ ಲೆಕ್ಕಕ್ಕೆ ಹಿಡಿದು, ಅದಕ್ಕಿಂತ ಹತ್ತು ಹೆಜ್ಜೆ ಮೇಲೆ ಚಾಪೆ, ಚಪ್ಪಲಿ, ಚೀಲ ಇಡಿ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿನಿಂದ ಬೀಸುವ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುವುದರಿಂದ ಬುತ್ತಿ ಬಿಚ್ಚುವವರು ಅದಕ್ಕೆ ಬೆನ್ನುಕೊಟ್ಟು ಕುಳಿತರೆ ಮೂಡೆಯಲ್ಲಿ ಮರಳು ಸಿಗುವುದಿಲ್ಲ. ಕಡಲ್ಕೊರೆತಕ್ಕೆಂದು ಹಾಕಿದ ಕಲ್ಲಿನ ತಡೆಗೋಡೆಯ ಮೇಲೆ ಕೂರುವುದು, ಫೋಟೋಕ್ಕೆ ನಿಲ್ಲುವುದು ಬೇಡ. ಆ ಕಲ್ಲುಗಳು ಪಾಚಿ ಹಿಡಿದು ಜಾರುತ್ತವೆ, ನಡುವಿನ ಸಂದುಗಳು ಆಳ.

ಆಟಕ್ಕೆ ಇಳಿತದ ಹೊತ್ತಿನ ಗಟ್ಟಿ ಹಸಿಮರಳಿಗಿಂತ ಒಳ್ಳೆಯ ಅಂಗಳವಿಲ್ಲ. ಒಣ ಗೇರುಬೀಜಗಳನ್ನು ಸಾಲಾಗಿ ಇಟ್ಟು ದೂರದಿಂದ ಗುರಿಯಿಟ್ಟು ಹೊಡೆಯುವ ಬೇಸಗೆಯ ಆಟವನ್ನು ಅಜ್ಜಂದಿರಿಂದಲೇ ಮಕ್ಕಳಿಗೆ ಹೇಳಿಸಿಕೊಡಿ. ಗೇರಿನ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದರಿಂದ ಚೆನ್ನಾಗಿ ಒಣಗಿದ ಬೀಜವೇ ಆಗಬೇಕು ಮತ್ತು ಮಕ್ಕಳು ಅದನ್ನು ಕಚ್ಚದಂತೆ ನೋಡಿಕೊಳ್ಳಬೇಕು. ಕೈರಂಪಣಿ, ಅಂದರೆ ದಡದಿಂದಲೇ ಎಳೆಯುವ ಮೀನಿನ ಬಲೆ, ಎಳೆಯುವವರು ಇದ್ದರೆ ನಿಂತು ನೋಡಿ. ಎರಡು ತುದಿಗಳಲ್ಲಿ ಸಾಲಾಗಿ ನಿಂತವರು ಹಗ್ಗ ಎಳೆಯುತ್ತ ಒಬ್ಬರಿಗೊಬ್ಬರು ಹತ್ತಿರವಾಗುವಾಗ ಅವರ ನಡುವೆ ನುಗ್ಗುವುದು, ಬಿಗಿಯಾದ ಹಗ್ಗವನ್ನು ದಾಟುವುದು ಮಾತ್ರ ಅವರಿಗೂ ತೊಂದರೆ, ನಿಮಗೂ ಅಪಾಯ. ಬೇಲಿ ಹಾಕಿದ ಕಡಲಾಮೆಯ ಗೂಡು ಕಂಡರೆ ಅಷ್ಟು ದೂರದಿಂದಲೇ ನೋಡಿ ಬನ್ನಿ.

ನೀರಿಗಿಳಿಯುವವರಿಗೆ

ಜೀವರಕ್ಷಕರು ಇರುವಲ್ಲಿ, ಅವರು ತೋರಿಸಿದ ಗಡಿಯೊಳಗೆ, ಸೊಂಟದ ಕೆಳಗಿನ ನೀರಿನಲ್ಲಿ ಮಾತ್ರ. ಕೆಂಪು ಬಾವುಟ ಹಾರುತ್ತಿದ್ದರೆ ಪಾದ ಒದ್ದೆಮಾಡಿಕೊಳ್ಳುವುದೂ ಬೇಡ. ಈಜು ಬರುತ್ತದೆ ಎಂಬ ಧೈರ್ಯಕ್ಕೆ ಕಡಲಿನಲ್ಲಿ ಬೆಲೆ ಕಡಿಮೆ. ಕೆರೆಯಲ್ಲಿ, ಬಾವಿಯಲ್ಲಿ ಕಲಿತ ಈಜು ಸೆಳೆತದ ಮುಂದೆ ನಿಲ್ಲುವುದಿಲ್ಲ. ಎರಡು ಕಡೆ ಅಲೆಗಳು ಬಿಳಿನೊರೆಯೊಂದಿಗೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ, ಮರಳು ಕದಡಿ ಕಂದಾಗಿ, ನೊರೆಯನ್ನು ಹೊರಗಡೆಗೆ ಒಯ್ಯುತ್ತಿರುವುದು ಕಂಡರೆ ಅದೇ ಸೆಳೆತ. ಹೊಸಬರು ಶಾಂತವಾಗಿದೆಯೆಂದು ಆರಿಸಿಕೊಳ್ಳುವುದು ಆ ಜಾಗವನ್ನೇ.

ಸಿಕ್ಕಿಬಿದ್ದರೆ ದಡದತ್ತ ನೇರವಾಗಿ ಈಜಿ ಸೋಲಬಾರದು. ಸೆಳೆತ ಹೊರಗೆ ಒಯ್ಯುತ್ತದೆಯೇ ಹೊರತು ಅಡಿಗೆ ಎಳೆಯುವುದಿಲ್ಲ. ಬೆನ್ನ ಮೇಲೆ ತೇಲುತ್ತ, ಕೈಯೆತ್ತಿ ಕರೆಯುತ್ತ, ತೀರದುದ್ದಕ್ಕೆ ಪಕ್ಕಕ್ಕೆ ಸರಿದು, ಅಲೆ ಒಡೆಯುವಲ್ಲಿಗೆ ಬಂದ ಮೇಲೆ ದಡದತ್ತ ತಿರುಗಬೇಕು. ದಡದಲ್ಲಿರುವವರು ಹಾರಿ ರಕ್ಷಿಸಲು ಹೋಗಿ ಒಂದು ಸಾವನ್ನು ಎರಡು ಮಾಡಬಾರದು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಚೆಂಡು, ಹಗ್ಗ ಏನು ಸಿಕ್ಕಿದರೂ ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆಮಾಡಬೇಕು. ಅಂಬಲಿಮೀನು (ಜೆಲ್ಲಿಫಿಶ್) ತಾಗಿ ಉರಿ ಎದ್ದರೆ ಉಜ್ಜದೆ ಕಡಲ ನೀರಿನಿಂದಲೇ ತೊಳೆದು, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಿಂದಿರುಗುವಾಗ

ಸೂರ್ಯಾಸ್ತ ಸುಮಾರು 6.45ಕ್ಕೆ. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಚಿಕ್ಕದು, ಏಳೂಕಾಲಿಗೆ ಕತ್ತಲೆ. ಆದ್ದರಿಂದ ಆರೂವರೆಗೇ ಎಲ್ಲರನ್ನೂ ನೀರಿನಿಂದ ಮೇಲೆ ಕರೆದು, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಉಳಿದ ಬೆಳಕಿನಲ್ಲಿಯೇ ಚೀಲ ತುಂಬಿಸಿ. ಕನ್ನಡಕ, ಬೆಳ್ಳಿ ಗೆಜ್ಜೆ, ಕಾರಿನ ಕೀಲಿ ಮರಳಿನಲ್ಲಿ ಕಾಣೆಯಾಗುವುದು ಕತ್ತಲೆಯ ಹತ್ತು ನಿಮಿಷಗಳಲ್ಲಿ. ಮೂಡೆಯ ಓಲೆ ಮತ್ತು ಸಿಪ್ಪೆಗಳನ್ನು ಒಂದು ಚೀಲಕ್ಕೂ ಪ್ಲಾಸ್ಟಿಕ್ಕನ್ನು ಇನ್ನೊಂದಕ್ಕೂ ಹಾಕಿ ಎರಡನ್ನೂ ಮನೆಗೆ ತನ್ನಿ. ತೀರದ ಕಸದ ಡಬ್ಬಿ ಹಬ್ಬದ ದಿನ ಮಧ್ಯಾಹ್ನಕ್ಕೇ ತುಂಬಿ, ಉಳಿದದ್ದೆಲ್ಲ ಗಾಳಿಗೆ ಕಡಲು ಸೇರುತ್ತದೆ.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ತೀರದ ಕಿರುದಾರಿಗಳಲ್ಲಿ ವಾಹನಗಳು ಸಿಕ್ಕಿಹಾಕಿಕೊಳ್ಳುತ್ತವೆ. ಕಟ್ಟಿದ ಚೀಲದೊಂದಿಗೆ ದೀಪವಿರುವ ಅಂಗಡಿಯ ಬಳಿ ಅರ್ಧ ಗಂಟೆ ಕುಳಿತು ಗೋಳಿಬಜೆ ತಿಂದು ಹೊರಟವರು, ಮೊದಲೇ ಹೊರಟವರು ಹೆದ್ದಾರಿ ತಲುಪುವ ಹೊತ್ತಿಗೇ ತಲುಪುತ್ತಾರೆ. ವಾಹನವನ್ನು ಮರಳಿಗೆ ಇಳಿಸದೆ ಗಟ್ಟಿ ನೆಲದಲ್ಲಿ, ಮುಖವನ್ನು ದಾರಿಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದರೆ ಈಗ ಅನುಕೂಲ.

ಮನೆಗೆ ಬಂದು ಬಚ್ಚಲಿಗೆ ಹೋಗುವ ಮೊದಲು ಅಂಗಳದ ನಳ್ಳಿಯಲ್ಲೇ ಕಾಲು, ಬಟ್ಟೆ, ಚಾಪೆಗಳ ಮರಳನ್ನು ತೊಳೆದುಬಿಡಿ, ಇಲ್ಲದಿದ್ದರೆ ಬಚ್ಚಲಿನ ಕೊಳವೆ ಕಟ್ಟಿಕೊಳ್ಳುತ್ತದೆ. ಹಬ್ಬಕ್ಕೆ ಉಟ್ಟ ರೇಷ್ಮೆಗೆ ಉಪ್ಪುನೀರು ಸಿಡಿದಿದ್ದರೆ ಅಂದೇ ತಣ್ಣೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಬೇಕು. ಸ್ಕೂಟರ್, ಕಾರುಗಳ ಅಡಿಭಾಗಕ್ಕೆ ಮರುದಿನ ಬೆಳಗ್ಗೆ ಸಿಹಿನೀರು ಹಾಯಿಸಿ ಉಪ್ಪನ್ನು ತೆಗೆಯದಿದ್ದರೆ ಮಳೆಗಾಲದ ತೇವವೂ ಸೇರಿ ತುಕ್ಕು ಬೇಗ ಹಿಡಿಯುತ್ತದೆ.